ಮಾಡದ ಸಾಲಕ್ಕೆ ಹೊತ್ತ ಹೆಸರು

“ಅತ್ತಿಗೆ, ನಾನು ಯಾರ ಹತ್ರಾನೂ ಸಾಲ ಉಳಿಸಿಕೊಂಡವಳಲ್ಲ. ನಿಮಗೇ ಗೊತ್ತಲ್ಲ!”

ತಿಪಟೂರಿನಿಂದ ಫೋನು ಮಾಡಿದ ನನ್ನ ನಾದಿನಿ ಇಷ್ಟು ಹೇಳಿ ಅತ್ತೇ ಬಿಟ್ಟಳು. ೨೦೨೪ರ ಮಾತು ಇದು. ಅವಳ ಮಗಳಿಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತ್ತು. ಯಜಮಾನರು ತೀರಿಕೊಂಡು ಆರು ವರ್ಷವಾದ ಮನೆ. ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಮಗಳನ್ನು ಪಿ.ಯು.ಸಿ.ವರೆಗೆ ತಂದವಳು ಅವಳು. ಓದಿಗೆ ಮೂರು ಲಕ್ಷ ರೂಪಾಯಿ ಸಾಲ ಬೇಕೆಂದು ಬ್ಯಾಂಕಿಗೆ ಅರ್ಜಿ ಹಾಕಿದ್ದಳು. ವಿದ್ಯಾಭ್ಯಾಸದ ಸಾಲಕ್ಕೆ ಮಗುವಿನ ಜೊತೆ ತಾಯಿಯೋ ತಂದೆಯೋ ಸಹ ಸಾಲಗಾರರಾಗಿ ರುಜು ಹಾಕಬೇಕು. ಇವಳು ಹಾಕಿದಳು. ವಾರದ ನಂತರ ಮ್ಯಾನೇಜರು ಕರೆಸಿ, “ಅಮ್ಮಾ, ನಿಮ್ಮ ಸಿಬಿಲ್ ಸರಿಯಿಲ್ಲ. ಸ್ಕೂಟರ್ ಸಾಲ ಬಾಕಿ ಇಟ್ಟುಕೊಂಡಿದ್ದೀರಿ. ಅದನ್ನು ತೀರಿಸಿ ಬನ್ನಿ” ಎಂದರಂತೆ.

ಸ್ಕೂಟರ್! ನನ್ನ ನಾದಿನಿಗೆ ಸೈಕಲ್ಲೂ ಹೊಡೆಯೋಕೆ ಬಾರದು.

ಆ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದನ್ನೂ ಬರೆಯಬೇಕು. ನಮ್ಮವರು ತಂಗಿಗೆ ಫೋನು ಮಾಡಿ, “ನಿಜ ಹೇಳು, ಯಾರಿಗಾದರೂ ಜಾಮೀನು ನಿಂತಿದ್ದೀಯಾ? ಆಧಾರ್ ಕಾರ್ಡು ಯಾರ ಕೈಗಾದರೂ ಕೊಟ್ಟಿದ್ದೀಯಾ?” ಎಂದು ಗದರಿಸಿಯೇ ಕೇಳಿದರು. ಅಣ್ಣನಾದವನಿಗೆ ಚಿಂತೆ, ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಪ್ರಶ್ನೆ ಅವಳಿಗೆ ಎಷ್ಟು ಚುಚ್ಚಿತೋ! ಬ್ಯಾಂಕು ನಂಬಲಿಲ್ಲ ಅನ್ನೋದಕ್ಕಿಂತ ಒಡಹುಟ್ಟಿದವನು ಅನುಮಾನಪಟ್ಟ ಅನ್ನೋದೇ ದೊಡ್ಡ ನೋವಾಯಿತು. ಕಾಲೇಜಿಗೆ ಮೊದಲ ಕಂತು ಕಟ್ಟಲು ಹತ್ತೇ ದಿನ ಉಳಿದಿತ್ತು. ಅವಳು ಮಾತಾಡದೆ ಎರಡು ಬಳೆ ಬಿಚ್ಚಿ ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟು ಎಂಬತ್ತು ಸಾವಿರ ತಂದು ಕಟ್ಟಿದಳು. ಎರಡನೆಯ ಕಂತಿಗೆ ಮೂರು ತಿಂಗಳು ಸಮಯವಿತ್ತು. ಅಷ್ಟರೊಳಗೆ ಈ ಕಳಂಕ ತೊಳೆಯಬೇಕಾಗಿತ್ತು.

ತೊಳೆದೆವು. ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ಇಂಥ ತಾಪತ್ರಯ ನಾಳೆ ನಿಮ್ಮ ಮನೆಗೂ ಬರಬಹುದು.

ಏನಿದು ‘ಸಿಬಿಲ್’?

ಯಾವ ವನಸ್ಪತಿಯಾದರೂ ನಮ್ಮ ಅಮ್ಮಂದಿರು ‘ಡಾಲ್ಡಾ’ ಅನ್ನುತ್ತಿದ್ದರಲ್ಲ, ಹಾಗೆಯೇ ಈಗ ಸಾಲದ ವರದಿಗೆಲ್ಲ ಜನ ‘ಸಿಬಿಲ್’ ಅನ್ನುತ್ತಾರೆ. ನಿಜಕ್ಕೂ ನಮ್ಮ ದೇಶದಲ್ಲಿ ಇಂಥ ವರದಿ ಇಡುವ ಕಂಪನಿಗಳು ನಾಲ್ಕು — ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈ ಮಾರ್ಕ್. ಇವು ಸರ್ಕಾರದ ಇಲಾಖೆಗಳಲ್ಲ. ರಿಸರ್ವ್ ಬ್ಯಾಂಕಿನಿಂದ ಪರವಾನಗಿ ಪಡೆದು, ೨೦೦೫ರ ಸಾಲ ಮಾಹಿತಿ ಕಂಪನಿಗಳ ಕಾಯಿದೆಯ ಕೆಳಗೆ ನಡೆಯುವ ಕಂಪನಿಗಳು.

ಇವು ಮಾಡುವ ಕೆಲಸ ಲೆಕ್ಕದ ಪುಸ್ತಕ ಬರೆಯುವುದು. ನೀವು ಯಾವುದೇ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟರೂ, ಕಂತಿನ ಮೇಲೆ ಫ್ರಿಜ್ಜು ಕೊಂಡರೂ, ಮೈಕ್ರೋಫೈನಾನ್ಸ್‌ನವರ ಗುಂಪು ಸಾಲ ತೆಗೆದುಕೊಂಡರೂ, ಅಣ್ಣನ ಮಗನಿಗೆ ಜಾಮೀನು ನಿಂತರೂ ಆ ಸುದ್ದಿ ಈ ಕಂಪನಿಗಳಿಗೆ ಹೋಗುತ್ತದೆ. ಕಂತು ಸರಿಯಾದ ದಿನಕ್ಕೆ ಕಟ್ಟಿದ್ದೂ ಹೋಗುತ್ತದೆ, ತಪ್ಪಿಸಿದ್ದೂ ಹೋಗುತ್ತದೆ. ಮೊದಲು ಬ್ಯಾಂಕುಗಳು ತಿಂಗಳಿಗೊಮ್ಮೆ ಕಳಿಸುತ್ತಿದ್ದವು. ೨೦೨೫ರ ಜನವರಿ ೧ರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಲೇಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು.

ಈ ಲೆಕ್ಕವನ್ನೆಲ್ಲ ಕೂಡಿಸಿ ಕಳೆದು ೩೦೦ರಿಂದ ೯೦೦ರ ಒಳಗೆ ಒಂದು ಅಂಕ ಕೊಡುತ್ತಾರೆ. ಅದೇ ‘ಸ್ಕೋರ್’. ಸಾಮಾನ್ಯವಾಗಿ ೭೫೦ಕ್ಕೆ ಮೇಲಿದ್ದರೆ ಬ್ಯಾಂಕಿನವರ ಮುಖ ಅರಳುತ್ತದೆ. ನನ್ನ ನಾದಿನಿಗೆ ಬಂದಿದ್ದದ್ದು ೫೮೧.

ತಪ್ಪು ಹೇಗೆ ನುಸುಳುತ್ತದೆ?

ಮಗಳು ಫೋನಿನಲ್ಲೇ ವರದಿ ತೆರೆದು ಓದಿದಳು. ಬಾಕಿದಾರಳ ಹೆಸರು ನನ್ನ ನಾದಿನಿಯದೇ. ಹುಟ್ಟಿದ ದಿನವೂ ಅದೇ, ಜೂನ್ ೧. ಜಿಲ್ಲೆಯೂ ಅದೇ ತುಮಕೂರು. ಮೊದಲು ನಾವೂ ಬೆಚ್ಚಿದೆವು. ಆಮೇಲೆ ನನಗೇ ನಗು ಬಂತು. ಜೂನ್ ೧! ನಮ್ಮ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಯಾರಿಗೆ ನೆನಪಿರುತ್ತಿತ್ತು? “ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು ಮೇಷ್ಟ್ರೇ” ಅಂದರೆ ಮೇಷ್ಟರು ಒಂದು ಲೆಕ್ಕ ಹಾಕಿ ಜೂನ್ ೧ ಎಂದು ಬರೆದುಬಿಡುತ್ತಿದ್ದರು. ಹಾಗಾಗಿ ಹಳ್ಳಿಯಿಂದ ಬಂದ ಎಷ್ಟೋ ಜನರಿಗೆ ಕಾಗದದ ಮೇಲಿನ ಹುಟ್ಟುಹಬ್ಬ ಒಂದೇ ದಿನ. ಅದರ ಜೊತೆ ಹೆಸರೂ ಒಂದೇ ಆಗಿ, ಇನಿಷಿಯಲ್ಲೂ ಒಂದೇ ಆಗಿ, ಸಾಲದ ಫಾರಂನಲ್ಲಿ ಪ್ಯಾನ್ ನಂಬರು ಇಲ್ಲದೇ ಹೋದರೆ ಇಬ್ಬರು ಹೆಂಗಸರ ಲೆಕ್ಕ ಒಂದೇ ಪುಟಕ್ಕೆ ಬಂದು ಕೂರುವುದು ಎಷ್ಟು ಹೊತ್ತಿನ ಕೆಲಸ?

ನಾದಿನಿಗೆ ಆದದ್ದು ಇದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದ ಹಾಗೆ! ಇನ್ನೂ ಬೇರೆ ಬಗೆಯ ತಪ್ಪುಗಳೂ ಉಂಟು. ನಿಮ್ಮ ವರದಿಯಲ್ಲಿ ಇವನ್ನು ಹುಡುಕಿ:

ಒಂದು, ತೀರಿಸಿದ ಸಾಲ ಇನ್ನೂ ನಡೆಯುತ್ತಿದೆ ಎಂದು ತೋರಿಸುವುದು. ಸಾಲ ಮುಗಿದ ಸುದ್ದಿಯನ್ನು ಬ್ಯಾಂಕು ಕಳಿಸಿರುವುದಿಲ್ಲ.

ಎರಡು, ಒಂದೇ ಸಾಲ ಎರಡು ಕಡೆ ಕಾಣುವುದು. ಒಂದು ಕಂಪನಿ ತನ್ನ ಸಾಲವನ್ನು ಇನ್ನೊಂದಕ್ಕೆ ವಹಿಸಿಕೊಟ್ಟಾಗ ಹೀಗಾಗುತ್ತದೆ.

ಮೂರು, ಸಮಯಕ್ಕೆ ಕಟ್ಟಿದ ಕಂತನ್ನು ತಡವೆಂದು ಬರೆದಿರುವುದು.

ನಾಲ್ಕು, ನೀವು ತೆಗೆದುಕೊಳ್ಳದೇ ಇರುವ ಸಾಲ. ಇದು ನಮ್ಮ ನಾದಿನಿಯ ಹಾಗೆ ಹೆಸರಿನ ಗೊಂದಲದಿಂದ ಆಗಿರಬಹುದು. ಇಲ್ಲವೇ ನಿಮ್ಮ ಪ್ಯಾನ್, ಆಧಾರ್ ಝೆರಾಕ್ಸ್ ಇಟ್ಟುಕೊಂಡು ಯಾರೋ ನಿಮ್ಮ ಹೆಸರಿನಲ್ಲಿ ಸಾಲ ಎತ್ತಿರಬಹುದು. ಎರಡನೆಯದಾದರೆ ಪೊಲೀಸರಿಗೂ ದೂರು ಕೊಡಬೇಕು.

ಐದು, ಹೆಸರು, ವಿಳಾಸ, ಪ್ಯಾನ್, ಫೋನ್ ನಂಬರುಗಳಲ್ಲಿ ಅಕ್ಷರ, ಅಂಕಿ ತಪ್ಪಿರುವುದು. ಸಣ್ಣದೆಂದು ಬಿಡಬೇಡಿ. ದೊಡ್ಡ ತಪ್ಪಿಗೆ ಬಾಗಿಲು ತೆರೆಯುವುದು ಇದೇ.

ವರದಿ ತರಿಸುವುದು ಹೇಗೆ?

ದುಡ್ಡು ಕೊಡಬೇಕಾಗಿಲ್ಲ. ೨೦೧೭ರ ಜನವರಿಯಿಂದ ಪ್ರತಿಯೊಂದು ಕಂಪನಿಯೂ ಕೇಳಿದವರಿಗೆ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಅಂಕದ ಸಮೇತ ಪುಕ್ಕಟೆ ಕೊಡಬೇಕು. ಕಂಪನಿ ನಾಲ್ಕಿವೆ ತಾನೇ? ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಯುಗಾದಿಗೆ ಒಂದು ಕಂಪನಿ, ಆಷಾಢಕ್ಕೆ ಇನ್ನೊಂದು, ನವರಾತ್ರಿಗೆ ಮತ್ತೊಂದು, ಸಂಕ್ರಾಂತಿಗೆ ನಾಲ್ಕನೆಯದು. ವರ್ಷವೆಲ್ಲ ಕಣ್ಣಿಟ್ಟ ಹಾಗಾಯಿತು, ಕಾಸೂ ಖರ್ಚಿಲ್ಲ.

ಕಂಪನಿಯ ಸ್ವಂತ ವೆಬ್‌ಸೈಟಿಗೇ ಹೋಗಬೇಕು. ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರು, ಫೋನ್ ನಂಬರು ತುಂಬಿದರೆ ಫೋನಿಗೆ ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ವರದಿ ತೆರೆದುಕೊಳ್ಳುತ್ತದೆ. ಮಧ್ಯೆ ಮಧ್ಯೆ “ತಿಂಗಳಿಗಿಷ್ಟು ಕೊಡಿ, ವರ್ಷಕ್ಕಿಷ್ಟು ಕೊಡಿ” ಎಂದು ಆಸೆ ತೋರಿಸುತ್ತಾರೆ. ಬೇಕಿಲ್ಲ. ಪುಕ್ಕಟೆ ವರದಿಯ ಕೊಂಡಿಯನ್ನು ಎದ್ದು ಕಾಣುವ ಹಾಗೆ ಇಡಬೇಕೆಂದು ರಿಸರ್ವ್ ಬ್ಯಾಂಕು ೨೦೨೩ರಲ್ಲಿ ಹೇಳಿದೆ. ತಾಳ್ಮೆಯಿಂದ ಹುಡುಕಿ. ನಿಮಗೆ ಆಗದಿದ್ದರೆ ಮಗನೋ ಮಗಳೋ ಮಾಡಿಕೊಡಲಿ. ಆದರೆ ಓಟಿಪಿಯನ್ನು ಬೀದಿಯ ಸೈಬರ್ ಅಂಗಡಿಯ ಹುಡುಗನಿಗೆ ಹೇಳಿ ಎದ್ದು ಬರಬೇಡಿ.

ಎಷ್ಟೋ ಜನರಿಗೆ ಒಂದು ಹೆದರಿಕೆ: “ನಾವೇ ನೋಡಿದರೆ ಅಂಕ ಇಳಿಯುತ್ತದಂತೆ!” ಇಲ್ಲ. ನಮ್ಮ ವರದಿ ನಾವು ನೋಡಿಕೊಂಡರೆ ಏನೂ ಇಳಿಯುವುದಿಲ್ಲ. ಸಾಲಕ್ಕೆಂದು ಹತ್ತು ಬ್ಯಾಂಕಿಗೆ ಅರ್ಜಿ ಹಾಕಿ, ಹತ್ತೂ ಬ್ಯಾಂಕಿನವರು ತೆಗೆದು ನೋಡಿದರೆ ಮಾತ್ರ ಅಂಕಕ್ಕೆ ಪೆಟ್ಟು.

ಪೆನ್ಸಿಲ್ ಹಿಡಿದು ಓದಿ

ವರದಿ ಇಂಗ್ಲಿಷಿನಲ್ಲಿರುತ್ತದೆ, ಉದ್ದವಾಗಿರುತ್ತದೆ, ನಿಜ. ಆದರೆ ಕಷ್ಟವೇನಲ್ಲ. ಮೊದಲು ನಿಮ್ಮ ಹೆಸರು, ಗುರುತಿನ ಚೀಟಿಗಳು, ಆಮೇಲೆ ವಿಳಾಸ, ಆಮೇಲೆ ಒಂದೊಂದೇ ಸಾಲದ ಖಾತೆ, ಕೊನೆಯಲ್ಲಿ ನಿಮ್ಮ ವರದಿಯನ್ನು ಯಾವ ಯಾವ ಬ್ಯಾಂಕು ಯಾವಾಗ ತರಿಸಿ ನೋಡಿತು ಎಂಬ ಪಟ್ಟಿ. ಈ ಕೊನೆಯ ಪಟ್ಟಿಯನ್ನು ಖಂಡಿತ ಓದಿ. ನೀವು ಮೆಟ್ಟಿಲೇ ಹತ್ತದ ಬ್ಯಾಂಕಿನ ಹೆಸರು ಅಲ್ಲಿದ್ದರೆ ಯಾರೋ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿದ್ದಾರೆಂದು ಅರ್ಥ.

ಪ್ರತಿ ಖಾತೆಯ ಕೆಳಗೆ ತಿಂಗಳು ತಿಂಗಳಿನ ಸಣ್ಣ ಸಣ್ಣ ಮನೆಗಳಿರುತ್ತವೆ. ಅದರಲ್ಲಿ ಮೂರು ಸೊನ್ನೆ ಇದ್ದರೆ ಕಂತು ಸರಿಯಾಗಿ ಕಟ್ಟಿದ್ದೀರಿ. ೩೦, ೬೦, ೯೦ ಎಂಬಂಥ ಅಂಕಿ ಇದ್ದರೆ ಅಷ್ಟು ದಿನ ತಡ. ಇಂಗ್ಲಿಷಿನ ಎಕ್ಸ್ ಅಕ್ಷರ ಮೂರು ಸಲ ಇದ್ದರೆ ಆ ತಿಂಗಳ ಸುದ್ದಿಯನ್ನು ಬ್ಯಾಂಕು ಕಳಿಸಿಲ್ಲ ಎಂದರ್ಥ. ಅದು ನಿಮ್ಮ ತಪ್ಪಲ್ಲ.

ಖಾತೆಯ ಸ್ಥಿತಿಯನ್ನು ಹೇಳುವ ಮೂರು ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ‘ಕ್ಲೋಸ್ಡ್’ ಅಂದರೆ ಪೂರ್ತಿ ತೀರಿತು — ಶುಭ. ‘ಸೆಟಲ್ಡ್’ ಅಂದರೆ ಅರ್ಧಂಬರ್ಧ ಕೊಟ್ಟು ರಾಜಿ ಮಾಡಿಕೊಂಡಿರಿ — ಅಷ್ಟು ಶುಭವಲ್ಲ. ‘ರಿಟನ್ ಆಫ್’ ಅಂದರೆ ಬರುವುದಿಲ್ಲವೆಂದು ಬ್ಯಾಂಕು ಕೈಚೆಲ್ಲಿತು — ಅಶುಭ. “ಐವತ್ತು ಸಾವಿರದ ಬಾಕಿಗೆ ಇಪ್ಪತ್ತು ಸಾವಿರ ಕೊಡಿ, ಮುಗಿಸಿಬಿಡೋಣ” ಎಂದು ವಸೂಲಿಯವರು ಹೇಳಿದಾಗ ಎಷ್ಟೋ ಜನ ಸಾಲ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ವರದಿಯಲ್ಲಿ ‘ಸೆಟಲ್ಡ್’ ಎಂಬ ಚುಕ್ಕೆ ವರ್ಷಗಟ್ಟಲೆ ಉಳಿಯುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಮೊದಲ ಸಲ ಸೋತೆವು

ತಪ್ಪು ಸಿಕ್ಕಿತು. ಇನ್ನು ದೂರು. ಕಂಪನಿಯ ವೆಬ್‌ಸೈಟಿನಲ್ಲೇ ಅದಕ್ಕೊಂದು ಜಾಗ ಇರುತ್ತದೆ. ಇದಕ್ಕೂ ದುಡ್ಡಿಲ್ಲ. ಮಗಳು ಆ ಸ್ಕೂಟರ್ ಸಾಲದ ಮುಂದೆ ‘ಈ ಖಾತೆ ನನ್ನದಲ್ಲ’ ಎಂದು ಗುರುತು ಹಾಕಿ ಕಳಿಸಿದಳು. ಒಂದು ನಂಬರು ಬಂತು. ನಾವು ದೇವರ ಮೇಲೆ ಭಾರ ಹಾಕಿ ಕೂತೆವು.

ಇಪ್ಪತ್ತಮೂರನೆಯ ದಿನ ಉತ್ತರ ಬಂತು: “ಸಾಲ ಕೊಟ್ಟವರನ್ನು ವಿಚಾರಿಸಲಾಗಿದೆ. ಅವರ ದಾಖಲೆ ಸರಿಯಾಗಿದೆ.” ಅಷ್ಟೇ!

ನಾದಿನಿ ಕುಸಿದು ಕೂತಳು. “ನಾನೇ ಆ ಹದಿನೆಂಟು ಸಾವಿರ ಕಟ್ಟಿಬಿಡ್ತೀನಿ ಅತ್ತಿಗೆ, ಮಗಳ ಓದು ನಿಲ್ಲಬಾರದು” ಎಂದಳು. ನಾನು ಒಪ್ಪಲಿಲ್ಲ. ಕಟ್ಟಿದರೆ ಆ ಸಾಲ ನಮ್ಮದೇ ಎಂದು ಒಪ್ಪಿಕೊಂಡ ಹಾಗಲ್ಲವೇ? ತಡವಾದ ತಿಂಗಳುಗಳ ಗುರುತು ಆಗಲೂ ಅವಳ ಹೆಸರಿನ ಕೆಳಗೇ ಉಳಿಯುತ್ತಿತ್ತು.

ನಾವು ಎಲ್ಲಿ ಎಡವಿದೆವು ಎಂದು ಯೋಚಿಸಿದೆ. ವರದಿಯ ಕಂಪನಿ ತಾನಾಗಿ ಒಂದಕ್ಷರವನ್ನೂ ತಿದ್ದುವಂತಿಲ್ಲ. ಸಾಲ ಕೊಟ್ಟವರನ್ನು ಕೇಳುತ್ತದೆ. ಅವರು ಹೌದೆಂದರೆ ತಿದ್ದುತ್ತದೆ, ಇಲ್ಲವೆಂದರೆ ಬಿಡುತ್ತದೆ. ಹಾಗಾದರೆ ನಾವು ಸಾಲ ಕೊಟ್ಟವರ ಬಾಗಿಲನ್ನೇ ತಟ್ಟಬೇಕು. ಬರಿಗೈಯಲ್ಲಿ ಅಲ್ಲ, ಪುರಾವೆ ಹಿಡಿದು. ಆ ಹಣಕಾಸು ಕಂಪನಿಯ ನೋಡಲ್ ಅಧಿಕಾರಿಗೆ ರಿಜಿಸ್ಟರ್ ಅಂಚೆಯಲ್ಲಿ, ಅಕ್ನಾಲೆಜ್‌ಮೆಂಟ್ ಸಹಿತ ಕಾಗದ ಹಾಕಿದೆವು. ಅದೇ ಕಾಗದವನ್ನು ಇ-ಮೇಲಿನಲ್ಲೂ ಕಳಿಸಿದೆವು. ನಿಮಗೂ ಬೇಕಾಗಬಹುದೆಂದು ಇಲ್ಲಿ ಕೊಡುತ್ತೇನೆ:

“ಮಾನ್ಯರೆ, ನನ್ನ ಸಾಲದ ವರದಿಯಲ್ಲಿ (ವರದಿಯ ನಂಬರು ಮತ್ತು ತಾರೀಖು ಬರೆಯಿರಿ) ನಿಮ್ಮ ಕಂಪನಿಯ ಒಂದು ಸಾಲದ ಖಾತೆ (ಖಾತೆಯ ನಂಬರು) ಕಾಣುತ್ತಿದೆ. ಈ ಸಾಲವನ್ನು ನಾನು ಪಡೆದಿಲ್ಲ, ಇದಕ್ಕೆ ಜಾಮೀನೂ ನಿಂತಿಲ್ಲ. ಈ ಸಾಲದ ಅರ್ಜಿ, ಅದರ ಮೇಲಿನ ಫೋಟೋ, ರುಜು ಮತ್ತು ಪಡೆದುಕೊಂಡ ಗುರುತಿನ ಚೀಟಿಯನ್ನು ನನ್ನ ದಾಖಲೆಗಳೊಂದಿಗೆ ಹೋಲಿಸಿ ನೋಡಬೇಕೆಂದು ಕೋರುತ್ತೇನೆ. ನನ್ನ ಪ್ಯಾನ್, ಆಧಾರ್ ಮತ್ತು ಮತದಾರರ ಚೀಟಿಯ ನಕಲು, ರುಜುವಿನ ಮಾದರಿ ಲಗತ್ತಿಸಿದೆ. ಖಾತೆ ನನ್ನದಲ್ಲವೆಂದು ಕಂಡುಬಂದ ಕೂಡಲೇ ನಾಲ್ಕೂ ಮಾಹಿತಿ ಕಂಪನಿಗಳಿಗೆ ತಿಳಿಸಿ ತೆಗೆಸಬೇಕು. ನನ್ನ ಕೋರಿಕೆಯನ್ನು ಒಪ್ಪದಿದ್ದಲ್ಲಿ ಕಾರಣವನ್ನು ಬರಹದಲ್ಲಿ ಕೊಡಬೇಕು.”

ನಕಲುಗಳ ಮೇಲೆ ಅಡ್ಡಗೆರೆ ಎಳೆದು ‘ವರದಿ ತಿದ್ದುಪಡಿಗೆ ಮಾತ್ರ’ ಎಂದು ಬರೆದು ತಾರೀಖು ಹಾಕಿ. ಆಧಾರ್ ನಂಬರಿನ ಮೊದಲ ಎಂಟು ಅಂಕಿಗಳನ್ನು ಮುಚ್ಚಿ. ಕಾಗದದ ಒಂದು ಪ್ರತಿ, ಅಂಚೆಯ ರಸೀತಿ, ಬಂದ ಉತ್ತರಗಳು ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಬ್ಯಾಂಕಿನ ವ್ಯವಹಾರದಲ್ಲಿ ಬಾಯಿಮಾತು ನೀರಿನ ಮೇಲಿನ ಬರಹ.

ಅದೇ ದಿನ ವರದಿಯ ಕಂಪನಿಗೂ ಎರಡನೆಯ ಸಲ ದೂರು ಕೊಟ್ಟು, ಈ ಕಾಗದವನ್ನು ಜೊತೆಗಿಟ್ಟೆವು.

ಗಡುವು ಯಾರಿಗೆ, ಎಷ್ಟು?

ಇಲ್ಲಿ ಕಾನೂನು ನಮ್ಮ ಕಡೆಗಿದೆ. ೨೦೦೫ರ ಕಾಯಿದೆಯ ಪ್ರಕಾರ ತಿದ್ದುಪಡಿಗೆ ಕೇಳಿದ ೩೦ ದಿನಗಳಲ್ಲಿ ಕ್ರಮ ತೆಗೆದುಕೊಳ್ಳಬೇಕು. ಅದರಲ್ಲಿ ಸಾಲ ಕೊಟ್ಟ ಬ್ಯಾಂಕಿಗೆ ೨೧ ದಿನ; ಉಳಿದದ್ದು ವರದಿಯ ಕಂಪನಿಗೆ.

ಮೀರಿದರೆ? ೨೦೨೩ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಒಂದು ಒಳ್ಳೆಯ ಆಜ್ಞೆ ಹೊರಡಿಸಿತು. ಅದು ಜಾರಿಗೆ ಬಂದದ್ದು ೨೦೨೪ರ ಏಪ್ರಿಲಿನಲ್ಲಿ. ಮೂವತ್ತು ದಿನ ಕಳೆದೂ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ ೧೦೦ ರೂಪಾಯಿ ಪರಿಹಾರವನ್ನು ದೂರು ಕೊಟ್ಟವರಿಗೆ ಕೊಡಬೇಕು. ಬ್ಯಾಂಕು ೨೧ ದಿನದೊಳಗೆ ಸರಿಯಾದ ಮಾಹಿತಿ ಕಳಿಸದೆ ತಡಮಾಡಿದರೆ ಬ್ಯಾಂಕೇ ತೆರಬೇಕು. ಬ್ಯಾಂಕು ಕಳಿಸಿಯೂ ವರದಿಯ ಕಂಪನಿ ಸುಮ್ಮನೆ ಕೂತರೆ ಕಂಪನಿ ತೆರಬೇಕು. ಉದಾಹರಣೆಗೆ ಐವತ್ತನೆಯ ದಿನ ಇತ್ಯರ್ಥವಾದರೆ ಇಪ್ಪತ್ತು ದಿನ ತಡ. ನಿಮಗೆ ಎರಡು ಸಾವಿರ ರೂಪಾಯಿ. ಇತ್ಯರ್ಥವಾದ ಐದು ಕೆಲಸದ ದಿನಗಳಲ್ಲಿ ಅದು ನಿಮ್ಮ ಖಾತೆಗೆ ಬರಬೇಕು. ದೂರು ಕೊಡುವಾಗ ಬ್ಯಾಂಕ್ ಖಾತೆಯ ನಂಬರು ಸರಿಯಾಗಿ ಬರೆಯುವುದು ಇದಕ್ಕಾಗಿಯೇ.

ದೂರು ಕೊಟ್ಟ ದಿನವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಮೂವತ್ತನೆಯ ದಿನಕ್ಕೊಂದು ಸುತ್ತು ಹಾಕಿ.

ಆಗಲೂ ಕೇಳದಿದ್ದರೆ?

ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಬ್ಯಾಂಕುಗಳ ಮೇಲಿನ ದೂರಿನಂತೆಯೇ ವರದಿಯ ಕಂಪನಿಗಳ ಮೇಲಿನ ದೂರನ್ನೂ ೨೦೨೨ರ ಸೆಪ್ಟೆಂಬರ್ ೧ರಿಂದ ಅವರ ವ್ಯಾಪ್ತಿಗೆ ತಂದರು. ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ಆದರೆ ಒಂದು ಶಿಸ್ತು ಉಂಟು. ಮೊದಲು ಬ್ಯಾಂಕಿಗೋ ಕಂಪನಿಗೋ ಬರಹದಲ್ಲಿ ದೂರು ಕೊಟ್ಟು ಮೂವತ್ತು ದಿನ ಕಾದಿರಬೇಕು, ಇಲ್ಲವೇ ಬಂದ ಉತ್ತರ ತೃಪ್ತಿಕರವಾಗಿರಬಾರದು. ಆಮೇಲೆ ತಡಮಾಡದೆ ರಿಸರ್ವ್ ಬ್ಯಾಂಕಿನ ದೂರಿನ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು, ಚಂಡೀಗಢದಲ್ಲಿರುವ ಅವರ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ವಿಚಾರಿಸಲು ೧೪೪೪೮ಕ್ಕೆ ಫೋನು ಮಾಡಿದರೆ ಕಾಸಿಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಅಂಕ ಹೇಗೆ ಲೆಕ್ಕ ಹಾಕಿದಿರಿ ಎಂದು ಜಗಳ ತೆಗೆಯುವಂತಿಲ್ಲ. ಲೆಕ್ಕಕ್ಕೆ ಆಧಾರವಾದ ಸಂಗತಿ ತಪ್ಪೆಂದು ತೋರಿಸಬೇಕು. ಸಂಗತಿ ಸರಿಹೋದರೆ ಅಂಕ ತಾನಾಗಿ ಏರುತ್ತದೆ.

ಎಚ್ಚರಿಕೆ ಬೇಕು

ನಾದಿನಿ ಪೇಚಾಡುತ್ತಿದ್ದ ದಿನಗಳಲ್ಲೇ ಒಬ್ಬ ಏಜೆಂಟು ಬಂದಿದ್ದ. “ಐದು ಸಾವಿರ ಕೊಡಿ ಮೇಡಂ, ಹದಿನೈದು ದಿನದಲ್ಲಿ ಸಿಬಿಲ್ ಏಳುನೂರೈವತ್ತು ದಾಟಿಸ್ತೀನಿ. ಆಧಾರ್, ಪ್ಯಾನ್ ಕೊಡಿ, ಓಟಿಪಿ ಹೇಳಿ, ಸಾಕು.” ಇಂಥವರಿಗೆ ಬಾಗಿಲಲ್ಲೇ ಕೈಮುಗಿದು ಕಳಿಸಿ. ನಿಜವಾದ ತಪ್ಪಿದ್ದರೆ ಅದನ್ನು ನೀವೇ ಪುಕ್ಕಟೆ ತಿದ್ದಿಸಬಹುದು. ಬಾಕಿ ನಿಜವಾಗಿದ್ದರೆ ಅದನ್ನು ಅಳಿಸುವ ರಬ್ಬರು ಯಾರ ಜೇಬಿನಲ್ಲೂ ಇಲ್ಲ. ಕಟ್ಟಬೇಕು, ಆಮೇಲೆ ನಿಯತ್ತಾಗಿ ನಡೆಯಬೇಕು, ಕಾಲ ಕಳೆಯಬೇಕು. ಸಾಲದ ಇತಿಹಾಸವನ್ನು ಕಡಿಮೆಯೆಂದರೂ ಏಳು ವರ್ಷ ಇಟ್ಟುಕೊಂಡಿರುತ್ತಾರೆ.

ಇನ್ನೊಂದು: ಯಜಮಾನರ ಹೆಸರಿನ ಸಾಲಕ್ಕೆ ನೀವು ಜೊತೆಯಲ್ಲಿ ರುಜು ಹಾಕಿದ್ದರೆ ಅದು ನಿಮ್ಮ ವರದಿಯಲ್ಲೂ ಇರುತ್ತದೆ. “ಇಲ್ಲೊಂದು ರುಜು ಹಾಕೇ” ಅಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿದೆ ಎಂದು ಓದದೆ ರುಜು ಹಾಕಿ ಒಳಗೆ ಓಡಬೇಡಿ. ಸಾರು ಇಳಿಸಿಟ್ಟು ಬನ್ನಿ, ಓದಿ, ಕೇಳಿ, ಆಮೇಲೆ ಹಾಕಿ. ಇದು ಗಂಡನ ಮೇಲೆ ಅಪನಂಬಿಕೆಯಲ್ಲ; ಮನೆಯ ಲೆಕ್ಕ ಇಬ್ಬರಿಗೂ ಗೊತ್ತಿರಬೇಕು ಎಂಬುದಷ್ಟೇ.

ಕೊನೆಗೆ ಆದದ್ದು

ಎರಡನೆಯ ದೂರು ಕೊಟ್ಟ ಹತ್ತೊಂಬತ್ತನೆಯ ದಿನ ಹಣಕಾಸು ಕಂಪನಿಯಿಂದ ಫೋನು ಬಂತು. ಅರ್ಜಿಯ ಮೇಲಿನ ಫೋಟೋ ಬೇರೆ ಹೆಂಗಸಿನದು, ರುಜು ಬೇರೆ, ಗಂಡನ ಹೆಸರು ಬೇರೆ, ತಾಲ್ಲೂಕೂ ಬೇರೆ. ಒಂದು ವಾರದಲ್ಲಿ ಆ ಖಾತೆ ನಾದಿನಿಯ ವರದಿಯಿಂದ ಹೋಯಿತು. ಅಂಕ ೭೪೬ಕ್ಕೆ ಏರಿತು. ಪರಿಹಾರವೇನೂ ಸಿಗಲಿಲ್ಲ, ಎರಡು ಸಲವೂ ಮೂವತ್ತು ದಿನದೊಳಗೇ ಉತ್ತರ ಬಂದಿತ್ತಲ್ಲ! ಕ್ಷಮೆ ಕೇಳಿ ಯಾರೂ ಒಂದು ಸಾಲು ಬರೆಯಲಿಲ್ಲ. ತಿದ್ದಿದ ವರದಿಯನ್ನು ಹಿಡಿದು ಹೋದಾಗ ಅದೇ ಮ್ಯಾನೇಜರು ಕುರ್ಚಿ ಕೊಟ್ಟು ಕೂರಿಸಿದರು. ಎರಡನೆಯ ಕಂತಿನ ಹೊತ್ತಿಗೆ ಸಾಲ ಮಂಜೂರಾಯಿತು.

ನಮ್ಮವರು ಆ ಭಾನುವಾರ ಬಸ್ಸು ಹತ್ತಿ ತಿಪಟೂರಿಗೆ ಹೋದರು. ತಂಗಿಯ ಹತ್ತಿರ ಏನು ಹೇಳಿದರೋ ನಾನು ಕೇಳಲಿಲ್ಲ. ವಾಪಸು ಬರುವಾಗ ಅವಳು ಕೊಟ್ಟ ಹತ್ತು ಕೊಬ್ಬರಿ ಗಿಟುಕು ಚೀಲದಲ್ಲಿತ್ತು. ಅಷ್ಟರಿಂದಲೇ ಅಣ್ಣತಂಗಿಯರ ಲೆಕ್ಕ ಚುಕ್ತಾ ಆಯಿತೆಂದು ತಿಳಿದುಕೊಂಡೆ.

ನಾದಿನಿ ಮಾತ್ರ ಒಂದು ದಿನ ಹೇಳಿದಳು: “ಅತ್ತಿಗೆ, ನನ್ನ ಹೆಸರಿನವಳು ಒಬ್ಬಳು ಇದ್ದಾಳಲ್ಲ, ಅವಳಿಗೆ ಏನು ಕಷ್ಟವೋ ಏನೋ. ಸುಮ್ಮನೆ ಯಾರು ತಾನೇ ಕಂತು ತಪ್ಪಿಸ್ತಾರೆ?” ಅಷ್ಟು ದಿನ ನಾನು ಆ ಕಾಣದ ಹೆಂಗಸಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ನಾಚಿಕೆಯಾಯಿತು.

ಬಳೆ ಬಿಡಿಸಿಕೊಂಡದ್ದು ಮುಂದಿನ ದೀಪಾವಳಿಗೆ, ಹಬ್ಬದ ರವಿಕೆಗಳ ಹೊಲಿಗೆಯ ದುಡ್ಡಿನಿಂದ. ಅಡವಿನ ಸಾಲ ತೀರಿಸಿ ಬಳೆ ಕೈಗೆ ಬಂದ ಮೇಲೂ ಅವಳು ಬ್ಯಾಂಕಿನ ಕೌಂಟರು ಬಿಟ್ಟು ಕದಲಲಿಲ್ಲವಂತೆ. ಗುಮಾಸ್ತೆ, “ಇನ್ನೇನಮ್ಮಾ?” ಎಂದು ಕೇಳಿದರೆ, “ಸಾಲ ತೀರಿದೆ ಅಂತ ಒಂದು ಕಾಗದ ಕೊಡಿ ಸಾರ್, ಸೀಲು ಹಾಕಿ” ಎಂದಳಂತೆ. ಅದು ಈಗ ಅವಳ ಟ್ರಂಕಿನಲ್ಲಿ, ಮಗಳ ಅಂಕಪಟ್ಟಿಗಳ ಜೊತೆ ಭದ್ರವಾಗಿದೆ.

ಈ ಹದಿನೈದು ದಿನದೊಳಗೆ, ಮಧ್ಯಾಹ್ನದ ಬಿಡುವಿನಲ್ಲಿ, ನೀವೂ ಒಂದು ವರದಿ ತರಿಸಿ ನೋಡಿಬಿಡಿ. ಎಲ್ಲ ಸರಿಯಿದ್ದರೆ ಸಂತೋಷ. ಸಾಲ ಬೇಕಾದ ದಿನವೇ ತಪ್ಪು ಗೊತ್ತಾಗುವುದಕ್ಕಿಂತ ಬೇಡದ ದಿನ ಗೊತ್ತಾಗುವುದು ಎಷ್ಟೋ ವಾಸಿ.